ಬೇಲಿಯ ಕೆಳಗಿನ ಗಂಧದ ಸಾಲು

...ನೇರವಾಗಿತ್ತು ಎಂದು ವರದಿಯಲ್ಲಿ ನಾನೇ ಬರೆದಿದ್ದೇನೆ, ಆದರೆ ಗಿಡಗಳ ಆ ಸಾಲು ನಿಜಕ್ಕೂ ಅಷ್ಟು ನೇರವಾಗಿತ್ತೇ? ಕಣ್ಣು ಮುಚ್ಚಿದರೆ ಈಗ ಕಾಣುವುದು ಹಗ್ಗ ಹಿಡಿದು ನೆಟ್ಟಂಥ ಸಾಲು. ಅದು ಅಂದು ಕಂಡದ್ದೋ, ವರದಿ ಬರೆದ ಮೇಲೆ ಹಾಗೆ ನೆಟ್ಟಗಾದದ್ದೋ ಹೇಳಲಾರೆ. ಗಿಡ ಹದಿನಾಲ್ಕು ಎಂದು ಬರೆದದ್ದು ಮಾತ್ರ ಖಚಿತ. ವರ್ಷ 1997 ಇರಬೇಕು, ಮಳೆ ಇನ್ನೂ ಹಿಡಿದಿರಲಿಲ್ಲ. ನಾನಾಗ ಸಿದ್ದಾಪುರ ತಾಲ್ಲೂಕಿನ ನಿಲ್ಕುಂದದ ಕಡೆ ಅರಣ್ಯ ಇಲಾಖೆಯ ಫಾರೆಸ್ಟರ್. ಸಸಿ ಬೆಳೆಸುವ ನರ್ಸರಿಯೊಂದು ನನ್ನ ಸುಪರ್ದಿಯಲ್ಲಿತ್ತು.

ನರ್ಸರಿಯ ವಾಚರ್ ಹನುಮ ನಾಯ್ಕ, ದಿನಗೂಲಿ. ನನಗಿಂತ ಹತ್ತು ವರ್ಷ ದೊಡ್ಡವನು, ಆದರೂ ಏಕವಚನದಲ್ಲೇ ಕರೆಯುತ್ತಿದ್ದೆ. ಗಂಧದ ಸಸಿ ಒಂಟಿಯಾಗಿ ಬದುಕುವುದಿಲ್ಲ. ಬೇರೊಂದು ಗಿಡದ ಬೇರಿಗೆ ತನ್ನ ಬೇರು ತಗುಲಿಸಿ ಆಹಾರ ಪಡೆಯಬೇಕು. ಅದಕ್ಕೇ ಪ್ಲಾಸ್ಟಿಕ್ ಚೀಲದಲ್ಲಿ ಅದರ ಜೊತೆಗೊಂದು ತೊಗರಿ ಕಾಳು ಹಾಕುತ್ತಿದ್ದೆವು. ಯಾವ ಚೀಲದಲ್ಲಿ ತೊಗರಿ ಅತಿಯಾಗಿ ಎದ್ದಿದೆ, ಎಲ್ಲಿ ಚಿವುಟಬೇಕು ಎಂದು ನನಗೆ ಕಲಿಸಿದವನು ಹನುಮ. ಹಳೆಯ ದಿನಗೂಲಿಯವರನ್ನು ಖಾಯಂ ಮಾಡುವ ಪಟ್ಟಿ ಆ ವರ್ಷ ಮೇಲಕ್ಕೆ ಹೋಗುವುದಿತ್ತು. ಅವನ ಹೆಸರು ಅದರಲ್ಲಿತ್ತು.

ತಪಾಸಣೆಗೆ ಬಂದ ರೇಂಜರ್ ಗಂಧದ ಚೀಲ ಎಣಿಸಿದರು. ರಿಜಿಸ್ಟರಿಗಿಂತ ನಲವತ್ತು ಕಡಿಮೆ. ಸತ್ತ ಸಸಿಗಳನ್ನು ಆಗಾಗ ಲೆಕ್ಕದಿಂದ ತೆಗೆಯುವುದು ನನ್ನ ಕೆಲಸ, ಎರಡು ತಿಂಗಳು ಎಣಿಸದೆ ಸಹಿ ಹಾಕಿದ್ದೆ. ಅದನ್ನು ಹೇಳಲಿಲ್ಲ. "ವಿಚಾರಿಸ್ತೇನೆ ಸರ್" ಎಂದೆ. ಹನುಮನ ಹಿತ್ತಲಲ್ಲಿ ಗಂಧದ ಸಸಿಗಳಿವೆ ಎಂದು ಗಾರ್ಡ್ ಹೇಳಿದ. ಮರುದಿನವೇ ಆ ಗಾರ್ಡ್‌ನನ್ನು ಕರೆದುಕೊಂಡು ಅಲ್ಲಿಗೆ ಹೋದೆ.

ಗೂಟದ ಬೇಲಿ, ಮೇಲೆ ಉದ್ದಕ್ಕೂ ಕಟ್ಟಿದ ಬಿದಿರ ಗಳ. ಅದರ ಕೆಳಗೆ ಗಂಧದ ಗಿಡಗಳು, ಕೆಲವು ಗೇಣುದ್ದ, ಕೆಲವು ಮೊಣಕಾಲುದ್ದ. ನಮ್ಮ ಕಸುಬಿನಲ್ಲಿ ಸಾಲು ಎಂದರೆ ಮನುಷ್ಯನ ಕೈ. ಹಗ್ಗ ಎಳೆದು, ಗುಂಡಿ ತೆಗೆದು ನೆಡುವ ನಮಗೆ ಬೇರೆ ಯಾರಾದರೂ ಸಾಲು ಹಾಕಬಲ್ಲರು ಎಂಬ ಯೋಚನೆಯೇ ಬರುವುದಿಲ್ಲ.

"ನಾ ನೆಟ್ಟಿದ್ದಲ್ಲ ಸಾಯೇಬ್ರೆ. ಹಕ್ಕಿ ಹೇತದ್ದು" ಎಂದ ಹನುಮ.

"ಹಕ್ಕಿ ಹಗ್ಗ ಹಿಡಿದು ಹೇತಿತೇನೋ?" ಎಂದೆ. ಗಾರ್ಡ್ ಜೋರಾಗಿ ನಕ್ಕ. ನಾನೂ ನಕ್ಕೆ.

ಹನುಮನ ಹೆಂಡತಿ ಗೌರಿ ತಲೆ ಮೇಲಿನ ಸೊಪ್ಪಿನ ಹೊರೆ ಕೆಳಗೆ ಹಾಕಿದಳು. "ಗಂಧ ಯಾರ ಹಿತ್ತಲಲ್ಲಿ ಹುಟ್ಟಿದ್ರೂ ಸರ್ಕಾರದ್ದು ಅಂತ ಹೇಳವ್ರು ನೀವೇ. ನಿಮ್ಮ ಗಿಡ ಕದ್ದು ತಂದು, ಬೆಳೆಸಿ ನಿಮಗೇ ಕೊಡೂಕೆ ನಮಗೆಂತ ಮರುಳಾ?"

ಆಗಿನ ಕಾನೂನು ಹಾಗೇ ಇತ್ತು.

ಹನುಮ ಗಿಡದ ಬುಡದಲ್ಲಿ ಕೂತ. "ಒಂದು ಕಿತ್ತು ನೋಡಿ. ಚೀಲದ್ದಾದ್ರೆ ಬೇರು ಸುತ್ತಿರ್ತದೆ. ಸುತ್ತಿದ್ರೆ ಈಗ್ಲೇ ನಿಮ್ಮ ಜೊತಿಗೆ ಬತ್ತೆ."

ಚೀಲದಲ್ಲಿ ಬೆಳೆದ ಸಸಿಯ ಬೇರು ತಳದಲ್ಲಿ ಸುರುಳಿಯಾಗುವುದು ನಿಜ. ಕಿತ್ತು ನೋಡುವುದು ಒಂದು ನಿಮಿಷದ ಕೆಲಸ. "ಗಂಧದ ಗಿಡ ಕೀಳೋದು ಅಪರಾಧ, ಗೊತ್ತಲ್ಲ?" ಎಂದೆ. ಕಾನೂನಿನ ಮೇಲಿನ ಗೌರವದಿಂದ ಹೇಳಿದ ಮಾತಲ್ಲ ಅದು. ಬೇರು ನೆಟ್ಟಗಿದ್ದರೆ ಆ ನಲವತ್ತು ಎಲ್ಲಿ ಎಂಬ ಪ್ರಶ್ನೆ ನನಗೇ ಬರುತ್ತಿತ್ತು.

ಪಂಚನಾಮೆಯ ಸಾಕ್ಷಿಗೆ ಪಕ್ಕದ ತೋಟದ ಹೆಗಡೆಯವರನ್ನು ಕರೆಸಿದೆ. ಅವರದೂ ನನ್ನದೂ ಒಂದೇ ಮನೆಮಾತು. "ಆನು ನೆಡದು ನೋಡಿದ್ನಿಲ್ಲೆ ಮಾರಾಯ. ಸಾಲಲ್ಲಿ ಇದ್ದು ಹೇಳದು ಹೌದು. ಸಹಿ ಎಲ್ಲಿ ಹಾಕವು?" ಎಂದರು. ನೆಟ್ಟದ್ದನ್ನು ಕಾಣದವರಿಗೆ ಸಹಿಯ ಜಾಗ ತೋರಿಸಿದೆ.

ನನ್ನ ವರದಿ ಹೋದ ಮೇಲೆ ಹನುಮನ ಹೆಸರು ಪಟ್ಟಿಯಿಂದ ಹೊರಬಿತ್ತು. ನರ್ಸರಿಯ ಕೆಲಸವೂ ಹೋಯಿತು.

ಆರೇಳು ವರ್ಷಗಳ ಮೇಲೆ ಯಲ್ಲಾಪುರದ ಇಡಗುಂದಿಯ ಕಡೆ ಇದ್ದೆ. ನಾನೇ ಹಾಕಿಸಿದ್ದ ನೆಡುತೋಪಿನ ತಂತಿ ಬೇಲಿ ನೋಡಲು ಒಂದು ಬೆಳಿಗ್ಗೆ ಹೋದಾಗ ತಂತಿಯ ಮೇಲೆ ಪಿಕಳಾರ ಹಕ್ಕಿಗಳು ಕೂತಿದ್ದವು. ಕೆಳಗೆ ಹಿಕ್ಕೆ, ಅದರಲ್ಲಿ ಗಂಧದ ಬೀಜ. ಆಚೀಚೆ ಎಲ್ಲೂ ಸಸಿಯಿಲ್ಲ. ತಂತಿಯ ಕೆಳಗೆ ಮಾತ್ರ, ಗೇಣುದ್ದದ್ದು ಮೊಣಕಾಲುದ್ದದ್ದು ಸೇರಿ, ಉದ್ದಕ್ಕೂ ಇದ್ದವು. ಎಲ್ಲೋ ಹಣ್ಣು ನುಂಗಿದ ಹಕ್ಕಿ ಕೂರಲು ಜಾಗ ಸಿಕ್ಕಲ್ಲಿ ಬೀಜ ಹಾಕುತ್ತದೆ, ಬೇಲಿಬುಡದ ಪೊದೆಯ ಬೇರು ಸಸಿಗೆ ಆಸರೆಯಾಗುತ್ತದೆ. ಒಂದನ್ನು ಕಿತ್ತೆ. ಬೇರು ನೆಟ್ಟಗಿತ್ತು. ಕೀಳುವುದು ಅಪರಾಧವೆಂದು ಆ ದಿನ ನೆನಪಾಗಲಿಲ್ಲ.

ವರದಿ ತಪ್ಪಿರಬಹುದು ಎಂದು ಮೇಲಿನವರಿಗೆ ಒಂದು ಪತ್ರ ಬರೆಯಬಹುದಿತ್ತು. ಬರೆಯಲಿಲ್ಲ. ನಿಲ್ಕುಂದಕ್ಕೆ ಹೋಗಲು ಮತ್ತೊಂದು ವರ್ಷ ಬೇಕಾಯಿತು. ಹನುಮ ಘಟ್ಟದ ಕೆಳಗೆ ಕಲ್ಲು ಕಡಿಯುವ ಕೆಲಸಕ್ಕೆ ಹೋಗಿದ್ದ, ಗೌರಿ ಇದ್ದಳು. ಬೇಲಿಯ ಮೇಲಿನ ಗಳ ತೆಗೆದು, ಗೂಟದ ತುದಿಗೆಲ್ಲ ಮುಳ್ಳು ಕಟ್ಟಿತ್ತು. ಕೆಳಗೆ ಒಂದು ಗಂಧದ ಗಿಡವೂ ಇರಲಿಲ್ಲ.

"ಹಕ್ಕಿ ಕೂರಬಾರ್ದು ಅಂತ ಅವ್ರೇ ಕಟ್ಟಿದ್ದು. ಹಕ್ಕಿ ಬಂದ್ರೆ ಹಿಂದೇ ನೀವು ಬತ್ರಿ" ಎಂದಳು.

ಆ ದಿನ ಕ್ಷಮೆ ಕೇಳಿದೆ ಎಂದು ಕೆಲವರ ಹತ್ತಿರ ಹೇಳಿದ್ದೇನೆ. ಕೇಳಿರಲಿಲ್ಲ. "ಹೀಗೇ ಈ ಕಡೆ ಬಂದಿದ್ದೆ" ಎಂದು ಹೇಳಿ ಎದ್ದು ಬಂದೆ.

ಕಾಡಿನಲ್ಲಿ ನೆಡುವವರು ನಾವಷ್ಟೇ ಅಲ್ಲ ಎಂಬುದನ್ನೂ, ಅಗೆಯದೆ ಬರೆಯಬಾರದು ಎಂಬುದನ್ನೂ ಈ ಕೆಲಸ ಕಲಿಸಿತು. ಆದರೆ ಆ ನಲವತ್ತು ಸಸಿ ಸತ್ತವೋ, ಯಾರಾದರೂ ಒಯ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಇಡಗುಂದಿಯಲ್ಲಿ ಕಿತ್ತದ್ದು ಇಡಗುಂದಿಯ ಬೇರು. ಹನುಮನ ಹಿತ್ತಲಿನ ಹದಿನಾಲ್ಕರಲ್ಲಿ ಒಂದರ ಬೇರನ್ನೂ ನಾನು ನೋಡಿಲ್ಲ.