ಭಾವ ಹೊಡೆಯದ ಹಂದಿ

ವಕೀಲಿ ಮಾಡುವ ಹೆಂಗಸಿಗೆ ನಮ್ಮ ಕಡೆ ಮದುವೆಮನೆಯಲ್ಲಿ ನೆಮ್ಮದಿಯ ಊಟ ಎಂಬುದಿಲ್ಲ. ಎಲೆಯ ಮುಂದೆ ಕೂತರೆ ಸಾಕು, ಪಕ್ಕದವರು ಮೊಣಕೈಯಿಂದ ತಿವಿದು ಶುರುಮಾಡುತ್ತಾರೆ. ಹೆಲ್ಮೆಟ್ ಇಲ್ಲದಿದ್ದರೆ ಪೊಲೀಸರು ಬೈಕಿನ ಕೀ ಕಿತ್ತುಕೊಳ್ಳಬಹುದಾ? ಪಕ್ಕದ ತೋಟದವನ ದನ ನಮ್ಮ ಗಿಡ ಮೇಯ್ದರೆ ಕೇಸು ಉಂಟಾ? ಸ್ಟೇಷನ್ನಿಗೆ ಬಾ ಅಂತ ಫೋನಿನಲ್ಲಿ ಕರೆದರೆ ಹೋಗಲೇಬೇಕಾ? ಬಾಯಲ್ಲಿ ಅನ್ನ ಇಟ್ಟುಕೊಂಡೇ ನಾನು ಉತ್ತರ ಹೇಳಬೇಕು. ಇಷ್ಟು ವರ್ಷ ಕೊಟ್ಟ ಪುಕ್ಕಟೆ ಸಲಹೆಗಳಲ್ಲಿ ನಮ್ಮ ಬಳಗ ಒಂದನ್ನೂ ಪಾಲಿಸಿದ್ದು ನಾನು ಕಂಡಿಲ್ಲ. ಅದರಲ್ಲೂ ಬಾಯಿ ಮುಚ್ಚಿಕೊಂಡಿರುವ ಹಕ್ಕು ಅಂತ ಒಂದುಂಟು ನೋಡಿ, ಅದನ್ನಂತೂ ಯಾರೂ ಮುಟ್ಟಿಯೂ ನೋಡಿಲ್ಲ.

ಬಾಯಿಯ ವಿಷಯದಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು ನನ್ನ ಅಕ್ಕನ ಗಂಡ. ಮೂರ್ನಾಡಿನ ಹತ್ತಿರ ಸಣ್ಣ ಕಾಫಿ ತೋಟ ಮಾಡಿಕೊಂಡಿರುವ ಸಾಧು ಮನುಷ್ಯ. ಮನೆಯಲ್ಲಿ ತಾತನ ಕಾಲದ ಕೋವಿ ಉಂಟು. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತಾರೆ. ಭಾವ ಅದರಿಂದ ಹಾರಿಸಿದ ಗುಂಡುಗಳೆಲ್ಲ ಹಬ್ಬದ ಸ್ಪರ್ಧೆಯ ತೆಂಗಿನಕಾಯಿಗೆ ಇಟ್ಟ ಗುರಿಗಳು, ಬಿದ್ದದ್ದು ಪಕ್ಕದ ಸಿಲ್ವರ್ ಮರಕ್ಕೆ. ತೆಂಗಿನಕಾಯಿಗೆ ಇವರಿಂದ ಯಾವ ತೊಂದರೆಯೂ ಆಗಿಲ್ಲ.

ಆದರೆ ಹಬ್ಬದ ಊಟಕ್ಕೆ ನೆಂಟರು ಕೂತು, ಹಂದಿಕರಿ ಬಂತೆಂದರೆ ಭಾವ ಬೇರೆಯೇ ಮನುಷ್ಯ. "ಇದು ಫಾರಮ್ಮಿಂದು ಅಲ್ಲ ಮಾರಾಯ್ರೇ, ಕಾಡಿಂದು!" ಎಂದು ಎದ್ದು ನಿಲ್ಲುತ್ತಿದ್ದರು. ಬೆಳಗಿನ ಮಂಜು, ಗದ್ದೆಯ ಬದು, ಗುಟುರು ಹಾಕಿಕೊಂಡು ಎದುರಿಗೇ ನುಗ್ಗಿದ ಒಂಟಿ ಹಂದಿ, ಇವರ ಒಂದೇ ಗುಂಡು. ವರ್ಷದಿಂದ ವರ್ಷಕ್ಕೆ ಹಂದಿ ದೊಡ್ಡದಾಗುತ್ತ ಹೋಯಿತು. ನಿಜವಾಗಿ ಆ ಮಾಂಸ ತರುತ್ತಿದ್ದವಳು ಅಕ್ಕ, ಗೋಣಿಕೊಪ್ಪದ ಅಂಗಡಿಯಿಂದ. ಮೂರ್ನಾಡಿನಲ್ಲಿ ಕೊಂಡರೆ ಯಾರಾದರೂ ನೋಡಿಯಾರೆಂದು ಭಾವ ಅವಳನ್ನು ಬಸ್ಸು ಹತ್ತಿಸಿ ಅಷ್ಟು ದೂರ ಕಳಿಸುತ್ತಿದ್ದರು. ಅವಳು ಹೋಗಿ, ತಂದು, ತೊಳೆದು, ಮಸಾಲೆ ಹುರಿದು, ಹುಳಿಗೆ ಕಾಚಂಪುಳಿಯ ಕಪ್ಪು ರಸ ಹಾಕಿ ಬೇಯಿಸಬೇಕು. ಹೊಗಳಿಕೆಯೆಲ್ಲ ಕೋವಿಗೆ. ನನಗೆ ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಈಚಿನ ಒಂದು ಹಬ್ಬದಲ್ಲಿ ಯಾರೋ ನೆಂಟರು ಭಾವನ ಭಾಷಣವನ್ನು ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ ಹಾಕಿಬಿಟ್ಟರು. ಉಳಿದ ಮಾಂಸ ಇನ್ನೂ ಫ್ರಿಜ್ಜಿನಲ್ಲಿ ಇರುವಾಗಲೇ ಅರಣ್ಯ ಇಲಾಖೆಯ ಜೀಪು ಅಂಗಳಕ್ಕೆ ಬಂತು. ಅಕ್ಕ ನನಗೆ ಫೋನು ಮಾಡಿದಳು. "ಬೇಗ ಬಾರೇ, ಇವ್ರು ಮಾತಾಡ್ತಾ ಇದ್ದಾರೆ" ಎಂದಳು. ಜೀಪು ಬಂದದ್ದಕ್ಕಿಂತ ಅವಳಿಗೆ ಅದೇ ಹೆಚ್ಚು ಗಾಬರಿ.

ನಾನು ಹೋಗುವಷ್ಟರಲ್ಲಿ ಹಬ್ಬಕ್ಕೆ ಬಂದಿದ್ದ ನೆಂಟರೆಲ್ಲ ಮತ್ತೆ ಅಂಗಳದಲ್ಲಿ ಹಾಜರ್. ಜಗಲಿಯಲ್ಲಿ ರೇಂಜರ್ ಸಾಹೇಬರು ವಿಡಿಯೋ ತೋರಿಸುತ್ತಿದ್ದರು. ಭಾವ ಅದರಲ್ಲಿ ತಾನು ಚೆನ್ನಾಗಿ ಕಾಣುತ್ತೇನಾ ಎಂದು ಬಗ್ಗಿ ನೋಡುತ್ತಿದ್ದರು. ನಾನು ಅವರನ್ನು ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದೆ.

"ಭಾವ, ಸರಿಯಾಗಿ ಕೇಳಿ. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳ್ಬೇಕು ಅಂತ ಯಾರೂ ಒತ್ತಾಯ ಮಾಡೋ ಹಾಗಿಲ್ಲ. ಪೊಲೀಸರ ಹತ್ರ ತಪ್ಪು ಒಪ್ಕೊಂಡ್ರೆ ಕೋರ್ಟಲ್ಲಿ ಅದು ನಿಲ್ಲೋದಿಲ್ಲ. ಆದ್ರೆ ಇವ್ರು ಪೊಲೀಸರಲ್ಲ, ಫಾರೆಸ್ಟಿನವ್ರು. ಇವ್ರ ಹತ್ರ ಹೇಳಿದ್ದು ನಿಮ್ಮ ಕುತ್ತಿಗೆಗೇ ಬರ್ಬಹುದು. ಓದದೆ ಸೈನ್ ಹಾಕ್ಬೇಡಿ, ಖಾಲಿ ಪೇಪರಿಗಂತೂ ಹಾಕ್ಲೇಬೇಡಿ. ಹಿಡ್ಕೊಂಡು ಹೋದ್ರೆ ಯಾಕೆ ಅಂತ ಹೇಳ್ಬೇಕು, ಒಂದು ದಿನದೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸ್ಬೇಕು."

"ಜೈಲಾಗ್ತದಾ?"

"ಕಾಡುಹಂದಿ ಅಂತ ಆದ್ರೆ ವರ್ಷಗಟ್ಟಲೆ ಆಗ್ಬಹುದು. ಕೋವಿಯೂ ಜಪ್ತಿ. ಅಂಗಡೀದು ಅಂತ ನಿಜ ಹೇಳಿ, ಮುಗೀತು."

ಭಾವ ಅಂಗಳದ ನೆಂಟರತ್ತ ಇಣುಕಿದರು. "ಅಂಗಡೀದು ಅಂದ್ರೆ ನಾಳೆಯಿಂದ ಇವ್ರ ಮುಂದೆ ತಲೆ ಎತ್ತೋದು ಹ್ಯಾಗೆ? ಜೈಲಿಗೆ ಹೋಗಿ ಬಂದ್ರೆ ಒಂದು ಮರ್ಯಾದೆ ಆದ್ರೂ ಉಂಟು" ಎಂದರು. ಅಯ್ಯೋ ದೇವರೇ! ಕೈಗೆ ಸಿಕ್ಕಿದ್ದರೆ ಸೌದೆಕೊಳ್ಳಿಯಿಂದಲೇ ಬಾರಿಸುತ್ತಿದ್ದೆ.

ನಾವು ಮುಂದಕ್ಕೆ ಬರುವಾಗ ರೇಂಜರ್ ಕೇಳುತ್ತಿದ್ದರು, "ಅಡುಗೆ ಮಾಡಿದವರು ಯಾರು?" ಅಕ್ಕ ನಾನೇ ಎಂದಳು. ಗಾರ್ಡು ಅವಳ ಹೆಸರು, ವಯಸ್ಸು ಬರೆದುಕೊಳ್ಳತೊಡಗಿದ. ಹೊಡೆದವನೊಬ್ಬನೇ ಅಲ್ಲ, ಮಾಂಸ ಇಟ್ಟುಕೊಂಡವರೂ ಆರೋಪಿಗಳೇ ಎಂದು ರೇಂಜರ್ ವಿವರಿಸಿದರು. ಕಾನೂನಿನಲ್ಲಿ ಇದ್ದದ್ದೂ ಹಾಗೆಯೇ. ಭಾವ ಗಾರ್ಡಿನ ಪುಸ್ತಕಕ್ಕೆ ಕೈ ಅಡ್ಡ ಇಟ್ಟರು.

"ಅವಳನ್ನು ಬಿಡಿ ಸಾರ್" ಎಂದರು. "ಅದು ಅಂಗಡಿ ಹಂದಿ. ಪ್ರತಿ ವರ್ಷವೂ ಅಂಗಡೀದೇ. ನಾನು ಒಂದು ಮೊಲವನ್ನೂ ಹೊಡೆದವನಲ್ಲ." ಅಷ್ಟು ಜನರ ಮುಂದೆ ಅದನ್ನು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ಒಂದು ಕ್ಷಣ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ರೇಂಜರ್ ನಕ್ಕುಬಿಟ್ಟರು. "ಸಿಕ್ಕಿಬಿದ್ದ ಮೇಲೆ ಎಲ್ಲರದ್ದೂ ಅಂಗಡಿ ಹಂದಿಯೇ ಯಜಮಾನ್ರೇ."

ನೋಡಿ ಗ್ರಹಚಾರ! ಸುಳ್ಳನ್ನು ಎಲ್ಲರೂ ಸಾಕ್ಷಿ ಕೇಳದೆ ನಂಬಿದರು, ನಿಜಕ್ಕೆ ಮಾತ್ರ ಸಾಕ್ಷಿ ಬೇಕಾಯಿತು. ಹಬ್ಬದ ನೂಕುನುಗ್ಗಲಿನಲ್ಲಿ ಗೋಣಿಕೊಪ್ಪದ ಅಂಗಡಿಯವನಿಗೆ ಅಕ್ಕನ ಮುಖ ಎಲ್ಲಿಯ ನೆನಪು? ಗುರುತು ಸಿಗಬಾರದೆಂದೇ ಅಲ್ಲವೇ ಅವಳನ್ನು ಅಲ್ಲಿಗೆ ಕಳಿಸಿದ್ದು. ಮಾಂಸದ ತುಂಡು ಲ್ಯಾಬಿಗೆ ಹೋಗಿ ವರದಿ ಬರಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಗಂಡಹೆಂಡತಿಯನ್ನು ಜೀಪು ಹತ್ತಿಸುವುದೋ ಬಿಡುವುದೋ ರೇಂಜರರ ಕೈಯಲ್ಲಿತ್ತು.

ಅವರು ಅಂಗಳದತ್ತ ತಿರುಗಿದರು. "ನೀವೆಲ್ಲ ಊಟ ಮಾಡಿದವರಲ್ವಾ? ಹೇಳಿ, ಯಾವ ಹಂದಿ?"

ಯಾರೂ ಉಸಿರೆತ್ತಲಿಲ್ಲ. ಕಾಡಿನದ್ದು ಎಂದರೆ ತಿಂದವರೂ ಕೇಸಿಗೆ ಸಿಕ್ಕಿಕೊಳ್ಳಬೇಕು. ಅಂಗಡಿಯದ್ದು ಎಂದರೆ ವರ್ಷಗಟ್ಟಲೆ "ಆಹಾ, ಕಾಡಿನ ರುಚಿಯೇ ಬೇರೆ" ಎಂದು ಬೆರಳು ಚೀಪಿದ್ದು ಏನಾಗಬೇಕು? ನಾನು ಬಾಯಿ ಬಡಿದುಕೊಂಡು ಹೇಳಿಕೊಟ್ಟ ಮೌನದ ಹಕ್ಕನ್ನು ನಮ್ಮ ಬಳಗ ಒಟ್ಟಾಗಿ ಬಳಸಿದ್ದು ಆಗಲೇ. ಬೇಡದ ಹೊತ್ತಿಗೆ!

ಕೊನೆಗೆ ಎಲ್ಲರ ಕಣ್ಣೂ ಭಾವನ ಅಣ್ಣನ ಮೇಲೆ ಬಿತ್ತು. ಊಟದ ವಿಷಯದಲ್ಲಿ ನಮ್ಮಲ್ಲಿ ಅವರ ನಾಲಗೆಯೇ ಸುಪ್ರೀಂ ಕೋರ್ಟು. ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡ ಮನುಷ್ಯನೂ ಅಲ್ಲ. ರೇಂಜರ್ ವಿಡಿಯೋ ಮುಂದಕ್ಕೆ ಓಡಿಸಿ ಅವರ ಮಾತನ್ನೇ ಕೇಳಿಸಿದರು: "ಹಲಸಿನಹಣ್ಣು ತಿಂದು ಕೊಬ್ಬಿದ ಕಾಡುಹಂದಿ. ಒಂದೇ ತುತ್ತಿಗೆ ಗೊತ್ತಾಗ್ತದೆ."

ಅಣ್ಣ ಮೆಲ್ಲಗೆ ಎದ್ದು ಬಂದರು. "ಬರ್ಕೊಳ್ಳಿ ಸಾರ್, ನಾನು ಸೈನ್ ಹಾಕ್ತೇನೆ. ಅದು ಅಂಗಡಿ ಹಂದಿ. ಕಾಡಿಂದಕ್ಕೆ ಚರ್ಮದ ಅಡಿ ಅಷ್ಟು ಕೊಬ್ಬು ಎಲ್ಲಿ ಇರ್ತದೆ? ಈ ವರ್ಷದ್ದು ಮಾತ್ರ ಅಲ್ಲ, ಇವನ ಮನೇಲಿ ನಾನು ಕಾಡುಹಂದಿ ತಿಂದದ್ದೇ ಇಲ್ಲ."

"ಮತ್ತೆ ವಿಡಿಯೋದಲ್ಲಿ ಹೇಳಿದ್ದು?"

"ನನ್ನ ತಮ್ಮ ಸಾರ್. ನಾಲ್ಕು ಜನರ ಮುಂದೆ ಖುಷಿಯಲ್ಲಿ ಹೇಳ್ತಾ ಇದ್ದ. ಆಗ ನಾನು ಅದು ಸುಳ್ಳು ಅನ್ಲಾ?"

ರೇಂಜರ್ ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಮಹಜರು ಬರೆದು, ಪರೀಕ್ಷೆಗೆ ಒಂದು ತುಂಡು ತೆಗೆದುಕೊಂಡು, ಕರೆದಾಗ ಬರಬೇಕೆಂದು ಹೇಳಿ ಎದ್ದರು. ಬರೆದದ್ದರಲ್ಲಿ ಒಂದಕ್ಷರ ಬಿಡದೆ ಓದಿ ನೋಡಿದ ಮೇಲೆಯೇ ನಾನು ಸಹಿ ಹಾಕಲು ಬಿಟ್ಟದ್ದು. ಜೀಪು ಯಾರನ್ನೂ ಹತ್ತಿಸಿಕೊಳ್ಳದೆ ಹೋಯಿತು.

ಭಾವ ಮಾತ್ರ ನಿಂತಲ್ಲೇ ನಿಂತಿದ್ದರು. ಜೈಲು ತಪ್ಪಿದ ಖುಷಿ ಮುಖದಲ್ಲಿ ಎಲ್ಲೂ ಇರಲಿಲ್ಲ. "ಗೊತ್ತಿದ್ದೂ ಗೊತ್ತಿದ್ದೂ, ಪ್ರತಿ ಸಲ ಕೇಳಿ ಕೇಳಿ ಹಾಕಿಸ್ಕೊಳ್ತಾ ಇದ್ರಲ್ಲ ಅಣ್ಣ?"

"ಕಾಡುಹಂದಿ ಅಂತ ಹಾಕಿಸ್ಕೊಂಡದ್ದಲ್ಲ ಮಾರಾಯ. ನಿನ್ನ ಹೆಂಡತಿ ಮಾಡಿದ್ದು ಅಂತ."

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಇಬ್ಬರನ್ನೂ ಒಮ್ಮೆ ನೋಡಿದಳು.

"ಈ ಒಂದು ಮಾತು ಹೇಳ್ಲಿಕ್ಕೆ ಫಾರೆಸ್ಟ್ ಜೀಪೇ ಬರ್ಬೇಕಿತ್ತಾ?" ಎಂದಳು.