ಮೇಷ್ಟ್ರ ಡಬ್ಬಿಯ ಒಂದೆಲಗದ ಚಟ್ನಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೇರೆ ಯಾರೋ ಹೇಳಿ ನಿಮಗೆ ಗೊತ್ತಾಗುವುದು ಬೇಡ. ನಮ್ಮ ಸಂಗೀತದ ಮೇಷ್ಟ್ರು ಎರಡು ವರ್ಷ, ಭಾನುವಾರ ಬಿಟ್ಟು ದಿನಾ ಮಧ್ಯಾಹ್ನ, ಒಂದೆಲಗದ ಚಟ್ನಿ ತಿಂದದ್ದು ನನ್ನಿಂದ. ಅವರಿಗೆ ಆ ಸೊಪ್ಪು ಕಂಡರೇ ಆಗುತ್ತಿರಲಿಲ್ಲ. ನುಂಗುವಾಗ ಅವರ ಗಂಟಲಮಣಿ ಸರ್ರನೆ ಮೇಲೆ ಹೋಗಿ, ಅಲ್ಲೇ ನಿಂತು ಸ್ವಲ್ಪ ಯೋಚನೆ ಮಾಡಿ, ಬೇರೆ ದಾರಿಯಿಲ್ಲ ಅಂತ ಖಾತ್ರಿಯಾದ ಮೇಲೆ ಕೆಳಗಿಳಿಯುತ್ತಿತ್ತು.

ಆ ಗಂಟಲಮಣಿ ನನಗೆ ಚೆನ್ನಾಗಿ ಗೊತ್ತು. ಪಾಠ ಮಾಡುವಾಗ ಕೆಳಗಿನ ‘ಸ’ಕ್ಕೆ ಅದು ಅಂಗಿಯ ಕಾಲರಿನೊಳಗೆ ಅಡಗಿಕೊಳ್ಳುತ್ತಿತ್ತು, ಮೇಲಿನ ‘ಸ’ಕ್ಕೆ ಗದ್ದದ ಹಿಂದೆ ಮಾಯವಾಗುತ್ತಿತ್ತು. ನಲವತ್ತು ಮಕ್ಕಳು ಸ್ವರ ಕಲಿಯುತ್ತಿದ್ದರೆ ನಾನು ಮಣಿ ನೋಡುತ್ತಿದ್ದೆ. ಒಬ್ಬರ ದನಿಯ ನಕಲು ಮಾಡಬೇಕಾದರೆ ಎಲ್ಲೋ ಒಂದು ಕಡೆ ಹಿಡಿ ಸಿಗಬೇಕು. ಹೆಡ್‌ಮಾಸ್ಟರರದು ಕೆಮ್ಮು. ಗಣಿತದ ಮೇಡಂ ಅವರದು ಪ್ರತಿ ಲೆಕ್ಕದ ಕೊನೆಗೆ ಬರುವ ‘ಗೊತ್ತಾಯ್ತಾ, ಗೊತ್ತಾಗಿರಲ್ಲ’. ನಮ್ಮಪ್ಪನದು ಸೀನು. ನನ್ನದೇ ದನಿ ಕೇಳುತ್ತೀರಾ? ಒಂಬತ್ತನೇ ಕ್ಲಾಸಿನಲ್ಲಿ ಆಗಷ್ಟೇ ಒಡೆದಿತ್ತು. ನಾನು ಹಾಡಿದರೆ ಎಣ್ಣೆ ಕಾಣದ ಬಾಗಿಲು ತೆಗೆದಂತಿರುತ್ತಿತ್ತು. ಬೇರೆಯವರ ದನಿಗಳು ಮಾತ್ರ ನನ್ನ ಬಾಯಲ್ಲಿ ಬಾಡಿಗೆ ಕೊಡದೆ ಸುಖವಾಗಿ ಸಂಸಾರ ಮಾಡಿಕೊಂಡಿರುತ್ತಿದ್ದವು.

ಮೇಷ್ಟ್ರು ದಿನಾ ಬೈರಕೂರಿನಿಂದ ಮುಳಬಾಗಿಲಿನ ನಮ್ಮ ಹೈಸ್ಕೂಲಿಗೆ ಮೊಪೆಡ್ ಮೇಲೆ ಬರುತ್ತಿದ್ದರು. ಬಲಗೈ ಮಣಿಕಟ್ಟಿನಲ್ಲಿ ಯಾವಾಗಲೂ ಒಂದು ಕೆಂಪು, ಒಂದು ಹಳದಿ ರಬ್ಬರ್ ಬ್ಯಾಂಡು. ಇಬ್ಬರು ಹೆಣ್ಣುಮಕ್ಕಳಿಗೂ ಬೆಳಿಗ್ಗೆ ಜಡೆ ಹಾಕುವವರು ಅವರೇ. ಮಿಕ್ಕಿದ ಬ್ಯಾಂಡು ಕೈಯಲ್ಲೇ ಉಳಿದುಬಿಡುತ್ತಿತ್ತು. ಕೈಯಿಂದ ಹರಳೆಣ್ಣೆ ವಾಸನೆ. ಹಾರ್ಮೋನಿಯಂನ ಕರಿ-ಬಿಳಿ ಮನೆಗಳಿಗೂ ಅದೇ ವಾಸನೆ. “ರಾಗ ಅಂದ್ರೆ ಜಡೆ ಇದ್ದ ಹಾಗೆ ಕಣ್ರೋ, ಒಂದು ಎಳೆ ಬಿಗಿಯಾದ್ರೂ ಮಗು ಅಳುತ್ತೆ” ಅನ್ನುತ್ತಿದ್ದರು. ಕೋಪ ಬಂದರೆ ಕನ್ನಡ, ಖುಷಿಯಾದರೆ ತೆಲುಗು. “ಬಾಗುಂದಿ ರಾ ನಾಯನಾ”, ಚೆನ್ನಾಗಿದೆ ಕಣಪ್ಪಾ, ಅನ್ನಿಸಿಕೊಂಡವನು ಆ ವಾರವೆಲ್ಲ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದ. ನನಗೆ ಬಹಳ ಕಾಲ ಕನ್ನಡವೇ ಸಿಕ್ಕಿತು.

ಸಂಜೆ ನಾಲ್ಕೂವರೆಗೆ ಮೊಪೆಡ್ ಒದೆಯುವ ಮೊದಲು ಮನೆಗೆ ಫೋನು. ಮಾತು ದಿನಾ ಅದೇ: “ಹೊರಟೆ ಕಣೇ, ಹಾಲಿಡು.” ಅಷ್ಟೇ. ಅವರು ಮನೆ ಮುಟ್ಟುವುದಕ್ಕೂ ಹಾಲು ಉಕ್ಕುವುದಕ್ಕೂ ಸರಿಹೋಗಬೇಕು, ಅದು ಆ ಗಂಡ ಹೆಂಡಿರ ತಾಳ. ಮದುವೆಯಾದಾಗಿನಿಂದ ತಪ್ಪಿರಲಿಲ್ಲವಂತೆ.

ತಪ್ಪಿಸಿದವನು ನಾನು.

ಅಷ್ಟರಲ್ಲಾಗಲೇ ನನ್ನ ತಲೆಯ ಮೇಲೆ ಕತ್ತಿ ತೂಗುತ್ತಿತ್ತು. ಸ್ವಾತಂತ್ರ್ಯ ದಿನಾಚರಣೆಯ ಮೈಕ್ ಪರೀಕ್ಷೆ ಮಾಡಲು ನನ್ನನ್ನು ನಿಲ್ಲಿಸಿದ್ದರು. ಮೈಕು ಸಿಕ್ಕಿದ ಮೇಲೆ ಸುಮ್ಮನಿರಲಾದೀತೇ? ಹೆಡ್‌ಮಾಸ್ಟರರ ಹಾಗೆ ಎರಡು ಸಲ ಕೆಮ್ಮಿ, “ನಾಳೆ ಶಾಲೆಗೆ ರಜೆ” ಅಂದಿದ್ದೆ. ಮಾರನೇ ದಿನ ಅರ್ಧ ಶಾಲೆ ಖಾಲಿ. ನಿಜವಾದ ಹೆಡ್‌ಮಾಸ್ಟರು ನಮ್ಮಪ್ಪನ ಎದುರಿಗೇ ಹೇಳಿದ್ದರು: “ಇನ್ನೊಂದು ಸಲ ಈ ಬಾಯಲ್ಲಿ ಬೇರೆಯವರ ದನಿ ಬಂದ್ರೆ ಟಿ.ಸಿ. ಬರೆದು ಕೈಗೆ ಕೊಡ್ತೀನಿ.” ಅಪ್ಪ ಉತ್ತರವಾಗಿ ಸೀನಿದ. ನಾನು ನಗಲಿಲ್ಲ. ಬಹಳ ಕಷ್ಟಪಟ್ಟೆ.

ಇದಾದ ಮೇಲೆ ಒಂದು ದಿನ ಎರಡು ಗಂಟೆಗೆ, ಮೇಷ್ಟ್ರನ್ನು ಹೆಡ್‌ಮಾಸ್ಟರು ಮೀಟಿಂಗಿಗೆ ಕರೆದರು. ಅವರ ಗುಂಡಿ ಒತ್ತುವ ಫೋನು ಹಾರ್ಮೋನಿಯಂ ಮೇಲೇ ಉಳಿಯಿತು. ಹಸಿರು ಗುಂಡಿ ಎರಡು ಸಲ ಒತ್ತಿದರೆ ಕೊನೆಯ ನಂಬರಿಗೆ ಹೋಗುತ್ತೆ, ಅವರ ಕೊನೆಯ ನಂಬರು ಯಾವಾಗಲೂ ಮನೆಯದೇ ಅಂತ ಇಡೀ ಕ್ಲಾಸಿಗೆ ಗೊತ್ತು. “ಧಮ್ ಇದ್ರೆ ಮಾಡ್ಲಾ” ಅಂದ ಪಕ್ಕದವನು. ನನ್ನಲ್ಲಿ ಧಮ್ ಇತ್ತು, ಬುದ್ಧಿ ಇರಲಿಲ್ಲ. ಗಂಟಲಮಣಿಯನ್ನು ಕಾಲರಿಗೆ ಇಳಿಸಿಕೊಂಡು, “ಹೊರಟೆ ಕಣೇ, ಹಾಲಿಡು” ಅಂದು ಇಟ್ಟೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಯಾರೋ ಬಂದು ಫೋನು ಒಯ್ದು ಮೇಷ್ಟ್ರಿಗೆ ಕೊಟ್ಟರು. ಮೀಟಿಂಗು ಅಂತ ಅವರು ಅದನ್ನು ಸೈಲೆಂಟಿಗೆ ಹಾಕಿ ಜೇಬಿಗಿಟ್ಟರು.

ಅಲ್ಲಿ ಬೈರಕೂರಿನಲ್ಲಿ ಹಾಲು ಉಕ್ಕಿತು. ಆರಿತು. ಮತ್ತೆ ಇಟ್ಟರು, ಮತ್ತೆ ಉಕ್ಕಿತು. ಗಂಡ ಬರಲಿಲ್ಲ. ಫೋನು ಎತ್ತಲಿಲ್ಲ. ನಾಲ್ಕಕ್ಕೆ ಒಂದು ಆಟೋ ನಮ್ಮ ಗೇಟಿನೊಳಗೆ ನುಗ್ಗಿತು. ಅದರಿಂದ ಇಳಿದವರು ಮೇಷ್ಟ್ರ ಹೆಂಡತಿ, ನಾವೆಲ್ಲ ಅಮ್ಮ ಅನ್ನುತ್ತಿದ್ದವರು; ಗಂಡ ಎಲ್ಲಾದರೂ ಬಿದ್ದಿದ್ದಾರೇನೋ ಅಂತ ದಾರಿಯುದ್ದಕ್ಕೂ ಎರಡೂ ಬದಿಯ ಹಳ್ಳ ನೋಡಿಕೊಂಡು ಬಂದಿದ್ದರು. ಕೈಯಲ್ಲಿ ಹಾಲಿನ ಪಾತ್ರೆ ಇಳಿಸುವ ಇಕ್ಕಳ ಹಾಗೇ ಇತ್ತು. ಮುಖದಲ್ಲಿ ರಕ್ತವಿರಲಿಲ್ಲ. ಅಲ್ಲಿಯವರೆಗೆ ಅದು ತಮಾಷೆಯಾಗಿತ್ತು. ಆ ಇಕ್ಕಳ ಕಂಡ ಮೇಲೆ ನಾನು ಕ್ಲಾಸಿನ ಕಿಟಕಿಯ ಸರಳು ಹಿಡಿದು ನಿಂತೆ.

ಮೇಷ್ಟ್ರು ಮೀಟಿಂಗಿನಿಂದ ಓಡಿಬಂದರು, ಹಿಂದೆಯೇ ಹೆಡ್‌ಮಾಸ್ಟರು.

“ಏನ್ರೀ, ಎರಡು ಗಂಟೆಗೆ ಹೊರಟೆ ಅಂದ್ರಲ್ರೀ!”

“ನಾನಾ?” ಅಂದವರು ತಿರುಗಿ ಕ್ಲಾಸಿನ ಕಿಟಕಿ ನೋಡಿದರು. ಕಿಟಕಿಯಲ್ಲಿ ನನ್ನ ಮುಖವಿತ್ತು. ಹೆಡ್‌ಮಾಸ್ಟರು ಒಂದು ಸಲ ಕೆಮ್ಮಿದರು. ನನಗೆ ಟಿ.ಸಿ. ಪುಸ್ತಕದಿಂದ ಹಾಳೆ ಹರಿದ ಸದ್ದು ಕೇಳಿಸಿತು.

“ಹೌದು ಕಣೇ, ನಾನೇ ಮಾಡಿದ್ದು,” ಅಂದರು ಮೇಷ್ಟ್ರು. ಗಂಟಲಮಣಿ ಗದ್ದದ ಹಿಂದೆ ಹೋಗಿತ್ತು. ದನಿ ಮೇಲಿನ ‘ಸ’ ದಾಟಿತ್ತು. “ಹೊರಡೋಣ ಅಂತಲೇ ಇದ್ದೆ. ಆಮೇಲೆ ಮೀಟಿಂಗಿಗೆ ಬಂದೆ. ನಿಂಗೆ ಹೇಳೋದು... ಮರೆತೇಬಿಟ್ಟೆ.”

ಅಮ್ಮ ಅವರನ್ನು ನೋಡಿದರು. ಕಿಟಕಿಯನ್ನೂ ನೋಡಿದರು. “ಈ ವಯಸ್ಸಿಗೇ ಮರೆವಾ? ಇದಕ್ಕೆ ಒಂದೆಲಗವೇ ಸರಿ” ಅಂದು ಅದೇ ಆಟೋ ಹತ್ತಿ ಹೋದರು.

ಮಾರನೇ ದಿನದಿಂದ ಊಟದ ಡಬ್ಬಿಯ ಜೊತೆ ಇನ್ನೊಂದು ದೊಡ್ಡ ಡಬ್ಬಿ, ತುಂಬ ಹಸಿರು ಚಟ್ನಿ. ಮೇಷ್ಟ್ರು ನನಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಮುಚ್ಚಳ ತೆಗೆದು, “ಬಾರೋ ನಾಯನಾ, ನಿನ್ನ ಪಾಲಿದೆ” ಅಂದರು. ಆ ತೆಲುಗು ಖುಷಿಯದಲ್ಲ ಅಂತ ಮೊದಲ ತುತ್ತಿಗೇ ಗೊತ್ತಾಯಿತು. “ಒಬ್ಬನಿಗೆ ಇಷ್ಟೊಂದು ಯಾಕೆ ಹಾಕ್ತಾಳೋ” ಅಂತ ಗೊಣಗುತ್ತಾ ಅರ್ಧ ಅವರು, ಅರ್ಧ ನಾನು. ಡಬ್ಬಿ ಹಾಗೇ ವಾಪಸ್ ಹೋದರೆ ಹೆಂಡತಿ ನೊಂದುಕೊಳ್ಳುತ್ತಾಳೆ ಅಂತ ಅವರಿಗೆ ಭಯ. ನಡುನಡುವೆ ಹೆಮ್ಮೆಯಿಂದ ಪಿಸುಗುಟ್ಟುತ್ತಿದ್ದರು: “ಅವಳಿಗೆ ಇನ್ನೂ ಗೊತ್ತಾಗಿಲ್ಲ ನೋಡು. ನಾನೂ ಕಮ್ಮಿ ನಟ ಅಲ್ಲ!”

ಆ ಚಟ್ನಿಯ ಜೊತೆಗೇ ಉಸಿರು ಹಿಡಿಯುವುದು ಹೇಗೆ, ಗಂಟಲು ಹರಿಯದಂತೆ ದನಿ ಏರಿಸುವುದು ಹೇಗೆ ಅಂತ ಕಲಿಸಿದರು. “ಒಬ್ಬರ ದನಿ ತಗೊಂಡ್ರೆ ಕೆಡಿಸದೆ ವಾಪಸ್ ಕೊಡಬೇಕು ಕಣೋ. ಅವರ ಮನೇಲಿ ಅದಕ್ಕೆ ಕಾಯ್ತಾ ಇರ್ತಾರೆ” ಅಂದರು ಒಂದು ದಿನ. ಇವತ್ತು ಶ್ರೀನಿವಾಸಪುರದಿಂದ ಮಾಲೂರಿನವರೆಗೆ ಮದುವೆ, ವಾರ್ಷಿಕೋತ್ಸವ ಅಂತ ಕರೆಸಿ ನನ್ನಿಂದ ಮಿಮಿಕ್ರಿ ಮಾಡಿಸುತ್ತಾರಲ್ಲ, ಆ ಅನ್ನ ಆ ಡಬ್ಬಿಯದು.

ಹೋದ ವರ್ಷ ಮೇಷ್ಟ್ರು ಹೋದರು. ಕಾಲೇಜಿಗೆ ಹೊರಟಿದ್ದ ಕಿರಿಮಗಳ ಜಡೆ ಹಾಕಿ ಮುಗಿಸಿ, ಎದೆ ಒತ್ತಿಕೊಂಡು ಗೋಡೆಗೆ ಒರಗಿದವರು ಏಳಲಿಲ್ಲ. ಕೈಯಲ್ಲಿ ಹಳದಿ ಬ್ಯಾಂಡು ಹಾಗೇ ಇತ್ತಂತೆ. ಅವರ ದನಿಯನ್ನು ನಾನು ಆಮೇಲೆ ಯಾವ ವೇದಿಕೆಯಲ್ಲೂ ತೆಗೆದಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಭಾನುವಾರ ಬೈರಕೂರಿಗೆ ಹೋದೆ. ಅಮ್ಮ ಕಾಫಿಗೆ ಹಾಲಿಟ್ಟಿದ್ದರು.

“ಅಮ್ಮಾ, ಒಂದು ವಿಷಯ ಹೇಳಬೇಕಿತ್ತು.”

“ಹೇಳೋ. ಯಾರ ದನೀಲಿ ಹೇಳ್ತೀಯ?”

“ನನ್ನದರಲ್ಲೇ,” ಅಂದೆ. ಎಣ್ಣೆ ಕಾಣದ ಬಾಗಿಲಿನಂತೆಯೇ ಬಂತು. “ಆವತ್ತು ಫೋನ್ ಮಾಡಿದ್ದು ಮೇಷ್ಟ್ರಲ್ಲ, ನಾನು. ನನ್ನನ್ನ ಶಾಲೆಯಿಂದ ಓಡಿಸ್ತಾರೆ ಅಂತ ಅವರು ತಪ್ಪು ಹೊತ್ಕೊಂಡ್ರು. ಅವರಿಗೆ ಮರೆವೇ ಇರಲಿಲ್ಲಮ್ಮಾ. ನೀವು ಸುಮ್ಮನೆ ಎರಡು ವರ್ಷ ಚಟ್ನಿ ಅರೆದ್ರಿ.”

ಅವರು ಉಕ್ಕಿಬಂದ ಹಾಲನ್ನು ಇಕ್ಕಳದಲ್ಲಿ ಹಿಡಿದು ಇಳಿಸಿದರು. ಆತುರವೇನೂ ಇರಲಿಲ್ಲ.

“ಮದುವೆಯಾದ ಮೇಲೆ ಅವರು ನನಗೆ ಹೇಳಿದ್ದು ಅದೊಂದೇ ಸುಳ್ಳು. ದನಿ ಎಲ್ಲಿಗೆ ಹೋಗಿತ್ತು ನೋಡಿದ್ಯಲ್ಲ? ಕಿಟಕೀಲಿ ನಿನ್ನ ಮುಖ ಬೇರೆ.”

“ಗೊತ್ತಿತ್ತಾ? ಮತ್ತೆ ಚಟ್ನಿ ಯಾಕಮ್ಮಾ ಕಳಿಸ್ತಿದ್ರಿ?”

“ಇಬ್ಬರಿಗಾಗೋ ಅಷ್ಟು ಡಬ್ಬಿ ತುಂಬಿ ಕಳಿಸ್ತಿದ್ನಲ್ಲೋ! ಒಂದು ಪಾಲು ಸುಳ್ಳು ಹೇಳಿದವರಿಗೆ, ಇನ್ನೊಂದು ಪಾಲು ಹೇಳಿಸಿದವನಿಗೆ.”