ಕದ್ದದ್ದನ್ನು ಇಂಗ್ಲಿಷಿನಲ್ಲಿ ಬರೆದ ದಿನ

ಶಮೀನಾ ಗಂಗಾವತಿಯಲ್ಲಿದ್ದಾಳೆ. ಇಂದು ಬೆಳಿಗ್ಗೆ ಫೋನ್ ಮಾಡಿ ತಿಳಿಸಿದ್ದು ನನ್ನ ತಮ್ಮ. ಫೋನಿಟ್ಟವಳೇ ಟ್ರಂಕಿನಿಂದ ಕಿನ್ನಾಳದ ಮರದ ಗಿಳಿಯನ್ನು ತೆಗೆದೆ. ಕೊಕ್ಕಿನ ಕೆಂಪು ಮಾಸಿದೆ, ರೆಕ್ಕೆಯ ಹಸಿರು ಇನ್ನೂ ನುಣುಪಾಗಿದೆ.

ತಳಕಲ್ಲಿನ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವಳ ಅಪ್ಪ ತಂದುಕೊಟ್ಟಿದ್ದ ಈ ಗಿಳಿಯನ್ನು ಅವಳ ಚೀಲದಿಂದ ನಾನು ಕದ್ದಿದ್ದೆ. ಅವಳು ಎರಡು ದಿನ ಹುಡುಕಿದಳು. ಜೊತೆಗೆ ನಾನೂ ಹುಡುಕಿದೆ.

ಅದೇ ವಾರ ಇಂಗ್ಲಿಷ್ ಮಾಸ್ತರು 'ಸ್ಟೀಲ್' ಎಂದರೆ ಕದಿಯುವುದು, 'ಸ್ಟೋಲ್' ಎಂದರೆ ಕದ್ದೆ ಎಂದು ಕಲಿಸಿ, ಸ್ವಂತ ವಾಕ್ಯ ಬರೆಯಲು ಹೇಳಿದರು. ಉಳಿದವರು ಹಾಲು ಕದ್ದ ಬೆಕ್ಕಿನ ಬಗ್ಗೆ ಬರೆದರು. ಮನಸ್ಸಿನ ಭಾರ ಇಳಿಯಲೆಂದು ನಾನು ನಿಜವನ್ನೇ ಬರೆದೆ. ನೋಡುವವರು ಮಾಸ್ತರೊಬ್ಬರೇ ಎಂದುಕೊಂಡಿದ್ದೆ. ಆದರೆ ಅವರು ಎಲ್ಲರನ್ನೂ ನಿಲ್ಲಿಸಿ ಓದಿಸಿದರು.

ನಾನು ಓದಿದ ಮೇಲೆ, "ಕನ್ನಡದಾಗ ಅರ್ಥ ಹೇಳವಾ" ಎಂದರು.

"ನಾನು ಶಮೀನಾನ ಗಿಣಿ ಕದ್ದೀನ್ರಿ."

"ಕಳ್ಳಿ ಸಿಕ್ಕಳ್ರಿ ಸರ್!" ಹಿಂದಿನ ಬೆಂಚು ಕೂಗಿತು.

ಶಮೀನಾ ಎದ್ದು ನಿಂತಳು. "ಇಲ್ರಿ ಸರ್, ನಾನ ಕೊಟ್ಟೀನ್ರಿ. ಆಕಿಗೆ ಇಂಗ್ಲಿಷ್ ಬರಂಗಿಲ್ಲ, ತಪ್ಪು ಬರದಾಳ."

ಮಾಸ್ತರು ಇಬ್ಬರನ್ನೂ ನೋಡಿ, ನನ್ನ ವಾಕ್ಯಕ್ಕೆ ಕೆಂಪು ಗೆರೆ ಎಳೆದರು.

ಹಿಂದಿರುಗಿಸಿದರೆ ಅವಳ ಮಾತು ಸುಳ್ಳಾಗುತ್ತದೆಂದು ಗಿಳಿಯನ್ನು ಇಟ್ಟುಕೊಂಡೆ. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಅವಳ ಮನೆಯವರು ಊರು ಬಿಟ್ಟಿದ್ದರು. ಆಮೇಲೆ ನನ್ನ ಪಕ್ಕ ಯಾರು ಕೂತರೂ ಆ ಜಾಗ ಅವಳದೇ ಅನಿಸುತ್ತಿತ್ತು.

ಭಾನುವಾರ ಒಂಬತ್ತರ ಬಸ್ಸಿಗೆ ಗಿಳಿಯೊಂದಿಗೆ ಗಂಗಾವತಿಗೆ ಹೊರಡುತ್ತೇನೆ.